ಅರಳೋ ಹರಳೋ

ನಮ್ಮ ಮನೆಯಲ್ಲಿ ನಾನು ಹೆಸರಿಟ್ಟ ವಸ್ತು ಅಂತ ಒಂದೂ ಇಲ್ಲ. ಸ್ಕೂಟರಿಗೆ ಹೆಂಡತಿ ಹೆಸರಿಟ್ಟಳು. ಹಿತ್ತಲಿಗೆ ಬಂದು ಹಾಲು ಕದ್ದು ಕುಡಿಯುವ ಬೆಕ್ಕಿಗೆ ಅಮ್ಮ ಹೆಸರಿಟ್ಟಳು. ಬಾಡಿಗೆ ಮನೆಯ ಗೇಟಿಗೆ ಒಂದು ಹೆಸರು ತೂಗುಹಾಕಲೇಬೇಕೆಂದು ಮಾವನವರು ದೂರದಿಂದಲೇ ಫೋನು ಮಾಡಿ ಅದಕ್ಕೂ ಹೆಸರಿಟ್ಟರು. ಇನ್ನು ನಾನು ಮಾಡುವ ಪ್ರತಿಯೊಂದು ಕೆಲಸಕ್ಕೂ ಮೂವರೂ ಸೇರಿ ಹೆಸರಿಡುತ್ತಾರೆ, ಆ ಮಾತು ಬೇರೆ.

ಹೊರಗೂ ನನ್ನ ಗತಿ ಇದೇ. ನಾನೊಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತೇನೆ. ಶಾಲೆಯ ಪಾಠದ ಪುಸ್ತಕ, ಔಷಧಿ ಡಬ್ಬಿಯೊಳಗಿನ ಚೀಟಿ, ಸತ್ತವರ ಶ್ರದ್ಧಾಂಜಲಿ, ಬದುಕಿರುವವರ ಅಭಿನಂದನೆ, ಎಲ್ಲವೂ ನನ್ನ ಕಣ್ಣು ದಾಟಿಯೇ ಹೊರಗೆ ಹೋಗಬೇಕು. ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚಿಕೊಂಡು, ಕಣ್ಣು ಬಿಟ್ಟುಕೊಂಡು, ಕೆಂಪು ಪೆನ್ನು ಹಿಡಿದು ಕೂತಿರುತ್ತೇನೆ. (ಮನೆಯಲ್ಲೂ ಅದೇ ಭಂಗಿ, ಪೆನ್ನು ಮಾತ್ರ ಇರುವುದಿಲ್ಲ.) ಒತ್ತಕ್ಷರ ಜಾರಿದರೆ, ದೀರ್ಘ ಮುರಿದರೆ, ಎಂಥ ವಿದ್ವಾಂಸರ ಬರಹವಾದರೂ ನಾನು ಬಿಟ್ಟವನಲ್ಲ. ಆದರೆ ಎಲ್ಲ ಪದಗಳೂ ಬೇರೆಯವರವು. ಲೋಕಕ್ಕೆ ನನ್ನದೇ ಅಂತ ಒಂದು ಪದವನ್ನು ಕೊಟ್ಟವನಲ್ಲ. ಹಾಗಾಗಿ ಮಗಳು ಹುಟ್ಟಿದಾಗ ನಾನು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ: ಈ ಒಂದು ಪದ ಮಾತ್ರ ನನ್ನದಾಗಿರಬೇಕು. ನಿಜ ಹೇಳುತ್ತೇನೆ, ಇದು ನನಗೆ ತಮಾಷೆಯ ವಿಷಯವಾಗಿರಲಿಲ್ಲ.

ಮಗು ಹುಟ್ಟಿ ಮೂರು ತಿಂಗಳಾದರೂ ಹೆಸರಾಗಿರಲಿಲ್ಲ. ಅಮ್ಮ ‘ಪುಟ್ಟಿ’ ಎನ್ನುತ್ತಿದ್ದಳು, ಹೆಂಡತಿ ‘ಚಿನ್ನು’, ಮಾವ ‘ಬಂಗಾರಿ’. ಮೇಲಿನ ಮನೆಯ ಟೈಲರಮ್ಮ ‘ಗುಂಡಿ’ ಎನ್ನುತ್ತಿದ್ದಳು, ಅದು ಮಗುವಿನ ಕೆನ್ನೆ ನೋಡಿಯೋ ವೃತ್ತಿಯ ಅಭಿಮಾನದಿಂದಲೋ ತಿಳಿಯದು. ಮಗಳು ಯಾವುದಕ್ಕೂ ತಿರುಗಿ ನೋಡುತ್ತಿರಲಿಲ್ಲ. ಇವರೆಲ್ಲ ಮೊದಲು ಒಂದು ತೀರ್ಮಾನಕ್ಕೆ ಬರಲಿ ಎಂದು ಕಾಯುತ್ತಿದ್ದಳೋ ಏನೋ.

ನನ್ನ ಹೆಂಡತಿಗೆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸ. ರೋಗಿಗಳ ಹೆಸರು ಕೂಗಿ ಒಳಗೆ ಕರೆಯುವುದು, ಮಲಗಿಸುವುದು, ‘ಉಸಿರು ಹಿಡ್ಕೊಳ್ಳಿ’ ಎನ್ನುವುದು. (ಆ ಮಾತನ್ನು ನಾನು ಮದುವೆಯಾದಂದಿನಿಂದ ಪಾಲಿಸಿಕೊಂಡು ಬಂದಿದ್ದೇನೆ.) ಅವಳ ರಜೆ ಮುಗಿಯುತ್ತ ಬಂದಿತ್ತು.

“ನಾನು ಡ್ಯೂಟಿಗೆ ಹೋಗೋದ್ರೊಳಗೆ ಹೆಸರಾಗ್ಬೇಕು,” ಅಂದಳು. “ಅಲ್ಲಿ ಎಲ್ರೂ ಕೇಳ್ತಾರೆ. ಇನ್ನೂ ಹೆಸರಿಲ್ಲ ಅಂದ್ರೆ, ನಿನ್ನ ಗಂಡ ಮನೇಲಿ ಕೂತ್ಕೊಂಡು ಏನ್ ಮಾಡ್ತಾನೆ ಅಂತಾರೆ.”

“ನಾನು ಮನೇಲಿ ಎಲ್ಲಿ ಕೂತಿರ್ತೀನೇ?”

“ಅದನ್ನೇ ಹೇಳಿದೆ. ಮನೇಲಿದ್ರೂ ಇಲ್ದಂಗೇ ಇರ್ತೀರ.”

ಅವತ್ತು ಸಂಜೆ ಮಗುವನ್ನು ಮಡಿಲಲ್ಲಿ ತೂಗುತ್ತ ಅವಳೇ ಒಂದು ಹೆಸರು ಹೇಳಿದಳು: “ಅರಳು ಅಂತ ಇಡೋಣ್ವಾ? ಚಿಕ್ಕದಾಗಿದೆ, ಅಚ್ಚ ಕನ್ನಡ, ಹೂವು ಬಿಡ್ತಾ ಇರೋ ಹಾಗೆ.”

ನನಗೂ ಹಿಡಿಸಿತು. ಮದುವೆಯಾದ ಮೇಲೆ ಮೊದಲ ಬಾರಿಗೆ ಇಬ್ಬರೂ ಒಂದೇ ಮಾತಿಗೆ ತಲೆಯಾಡಿಸಿದೆವು. ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸಂತೋಷ ತಡೆಯಲಾರದೆ ನಾನು ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ.

ಇಲ್ಲಿ ಅಮ್ಮನ ವಿಷಯ ಸ್ವಲ್ಪ ಹೇಳಬೇಕು. ಅಮ್ಮನ ವರ್ಣಮಾಲೆಯಲ್ಲಿ ಹಕಾರ ಎಂಬುದಿಲ್ಲ. ಹಾಲು ಅವಳಿಗೆ ಆಲು, ಹಣ್ಣು ಅಣ್ಣು, ಹುಳಿ ಉಳಿ. ‘ಅಲ್ಲು ನೋಯ್ತಿದೆ’ ಎಂದರೆ ‘ಎಲ್ಲಿ’ ಎಂದು ಕೇಳಬಾರದು, ನೇರವಾಗಿ ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. ಅವಳ ಮಾತು ಕೇಳುವವರು ಅಲ್ಲಲ್ಲಿ ಮನಸ್ಸಿನಲ್ಲೇ ಒಂದೊಂದು ಹಕಾರ ಸೇರಿಸಿಕೊಳ್ಳುತ್ತ ಹೋಗಬೇಕಾಗುತ್ತದೆ. ನನಗಂತೂ ಅದು ಹುಟ್ಟಿನಿಂದ ಬಂದ ಕರಡು ತಿದ್ದುವ ಕೆಲಸ.

“ಅರಳಾ?” ಅಂದಳು ಅಮ್ಮ, ಸೌಟು ಕೆಳಗಿಟ್ಟು. “ಚೆಂದಾಗದೆ ಕಣೋ. ಉಂಗುರದ ಮೇಲೆ ಕೂರಿಸ್ತಾರಲ್ಲ, ಫಳಫಳ ಅಂತ ಒಳೀತಾ ಇರತ್ತೆ.”

ಅಮ್ಮ ಹೇಳಿದ್ದು ಹರಳು. ಉಂಗುರದ ಹರಳು. ನನಗೆ ಥಟ್ಟನೆ ಹೊಳೆಯಿತು. ಅರಳುವುದು ಇವತ್ತು ಅರಳುತ್ತದೆ, ನಾಳೆ ಬಾಡುತ್ತದೆ. ಹರಳು ಹಾಗಲ್ಲ. ಗಟ್ಟಿ, ಹೊಳಪು, ಬೆಲೆ, ಎಲ್ಲ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಅರಳು ಎಂಬುದು ಹೆಂಡತಿ ಹುಡುಕಿದ ಪದ. ಹರಳು ನಾನು ಹುಡುಕಿದ್ದು. (ಅಮ್ಮ ಹೇಳಿದ್ದು ನಿಜ. ಆದರೆ ಅವಳು ಹೇಳಿದ್ದು ಅವಳಿಗೇ ಗೊತ್ತಿರಲಿಲ್ಲವಾದ್ದರಿಂದ ಅದರ ಶ್ರೇಯಸ್ಸು ತಿದ್ದಿದವನಿಗೇ ಸೇರಬೇಕು.)

ಮರುದಿನ ಪ್ರೆಸ್ಸಿನಲ್ಲಿ ಎರಡೂ ಹೆಸರುಗಳನ್ನು ಚೀಟಿಯ ಮೇಲೆ ಬರೆದುಕೊಟ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಂಡೆ. ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ. ಅಕಾರಕ್ಕೆ ತಲೆಕಟ್ಟೇ ಇಲ್ಲ, ಬೋಳು. ಹಕಾರ ನೋಡಿ, ನೆತ್ತಿಗೆ ತಲೆಕಟ್ಟು ಕಟ್ಟಿಕೊಂಡು ಎದೆ ಮುಂದಕ್ಕೆ ಮಾಡಿ ನಿಂತಿರುತ್ತದೆ. ನನ್ನ ಮಗಳು ತಲೆಕಟ್ಟಿನ ಜೊತೆಗೇ ಈ ಲೋಕಕ್ಕೆ ಕಾಲಿಡಬೇಕು ಎಂದು ನಿಶ್ಚಯಿಸಿದೆ. ಹರಳು ಎಂದಿದ್ದ ಹಾಳೆಯನ್ನು ಸುರುಳಿ ಸುತ್ತಿಕೊಂಡು ಮನೆಗೆ ಬಂದು ಹೆಂಡತಿಯ ಮುಂದೆ ಬಿಚ್ಚಿದೆ.

“ಇದೇನಿದು?”

“ಮಗಳ ಹೆಸರು.”

“ಮೊದಲನೇ ಅಕ್ಷರ ಬದಲಾಗಿದೆ.”

“ಬದಲಾಗಿಲ್ಲ, ತಿದ್ದಿದೀನಿ. ಅರಳು ಅಲ್ಲ, ಹರಳು.”

ಅವಳು ಹಾಳೆ ನೋಡಿದಳು. ನನ್ನ ಬಾಯಿ ನೋಡಿದಳು. ಮತ್ತೆ ಹಾಳೆ ನೋಡಿದಳು.

“ಇನ್ನೊಂದ್ಸಲ ಹೇಳಿ?”

“ಹರಳು.”

“ಇನ್ನೊಂದೇ ಒಂದ್ಸಲ?”

“ಹರಳು. ಹರಳು.”

ಅವಳು ಕೆಳತುಟಿ ಕಚ್ಚಿ ಮುಖ ಆಚೆ ತಿರುಗಿಸಿದಳು. ಹೆಸರಿನ ಸೊಬಗಿಗೆ ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡೆ. ತುಂಬಿ ಬಂದದ್ದು ಬೇರೆ ಏನೋ ಎಂಬುದು ಆಮೇಲೆ ತಿಳಿಯಿತು, ಅದನ್ನು ಆಮೇಲೆಯೇ ಹೇಳುತ್ತೇನೆ.

ಮುಖ ಈಚೆ ತಿರುಗಿದಾಗ ಅದು ಎಂದಿನ ಮುಖವೇ ಆಗಿತ್ತು. “ರೀ, ನಾನು ದಿನಾ ಹರಳು ನೋಡೋಳು. ಎಡಗಡೆ ಕಿಡ್ನೀಲಿ ಹರಳು, ಬಲಗಡೆ ಕಿಡ್ನೀಲಿ ಹರಳು, ಪಿತ್ತಕೋಶದಲ್ಲಿ ಹರಳು. ಮಗಳನ್ನ ಹರಳು ಅಂತ ಕರೆದ್ರೆ ಹಿಂದೇನೇ ‘ನೀರು ಜಾಸ್ತಿ ಕುಡೀರಿ, ತಾನಾಗೇ ಹೊರಗೆ ಹೋಗುತ್ತೆ’ ಅಂತ ನನ್ನ ಬಾಯಿಗೆ ಬರುತ್ತೆ.”

“ನಿನ್ನ ಬುದ್ಧಿ ಕಿಡ್ನಿ ಬಿಟ್ಟು ಮೇಲೆ ಬರಲ್ವಾ? ಹರಳು ಅಂದ್ರೆ ರತ್ನ ಕಣೇ.”

“ಹಾಗಾದ್ರೆ ರತ್ನ ಅಂತಲೇ ಇಡಿ, ನಮ್ಮ ಬೀದೀಲಿ ಆಗ್ಲೇ ಮೂರು ಜನ ಇದಾರೆ.”

“ನಿನ್ನ ಅರಳು ಏನು ಮಹಾ? ಅದು ನಾಮಪದವೇ ಅಲ್ಲ, ಕ್ರಿಯಾಪದ. ಅದೂ ಆಜ್ಞಾರ್ಥ. ಮಗುವನ್ನ ಕರೆದಾಗಲೆಲ್ಲ ‘ಅರಳು, ಅರಳು’ ಅಂತ ಗದರಿಸಿದ ಹಾಗಾಗುತ್ತೆ. ಪಾಪ, ಅದಕ್ಕೂ ಮನಸ್ಸಿಲ್ಲದ ದಿನ ಇರುತ್ತೆ.”

“ನಮ್ಮನೇಲಿ ಯಾರ ಆಜ್ಞೆನೂ ಯಾರೂ ಕೇಳಲ್ಲ, ಅದರ ಚಿಂತೆ ಬೇಡ.”

“ಶಾಲೇಲಿ ಮಕ್ಕಳು ‘ಅರಳುಮರಳು’ ಅಂತ ಆಡ್ಕೋತಾರೆ.”

“ಅದು ಅವಳಪ್ಪ ಬಂದು ಹೋದ್ಮೇಲೆ ಅಂತಾರೆ. ನಿಮ್ಮ ಹೆಸರಿಟ್ರೆ ‘ಹರಳೆಣ್ಣೆ’ ಅಂತಾರೆ. ಹಾಜರಿ ಕೂಗಿದ್ರೆ ಕ್ಲಾಸಿಗೆ ಕ್ಲಾಸೇ ಹೊಟ್ಟೆ ಹಿಡ್ಕೊಂಡು ಓಡ್ಬೇಕು.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಮ್ಮ ಹಣೆ ಚಚ್ಚಿಕೊಂಡಳು. “ಏನ್ ಗಂಡ ಎಂಡ್ತೀರಪ್ಪ ನೀವು. ಇಬ್ರೂ ಅರಳು ಅರಳು ಅಂತ ಒಂದೇ ಎಸರು ಏಳ್ತಾ ಇದೀರ. ಅದಕ್ಕೆ ಜಗಳ ಬೇರೆ.”

ಹೀಗೆ ನಮ್ಮ ಮನೆಯಲ್ಲಿ ನಾಮಧೇಯದ ಮಹಾಸಮರ ಆರಂಭವಾಯಿತು. ನಾನು ಹರಳು ಎಂದಿದ್ದ ಹಾಳೆಯನ್ನು ತೊಟ್ಟಿಲ ಮೇಲಿನ ಗೋಡೆಗೆ ಅಂಟಿಸಿದೆ. ಅವಳು ಅದರ ಮೇಲೆ ಒಗೆದ ಲಂಗೋಟಿ ಒಣಹಾಕಿದಳು. ನಾನು ಊಟಕ್ಕೆ ಕೂತು “ಹರಳು ಮಲಗಿದ್ಲಾ?” ಎಂದು ಕೇಳಿದರೆ ಅವಳು “ಹ್ಞೂಂ, ಅರಳು ಮಲಗಿದ್ಲು” ಎಂದು ನನ್ನ ಮಾತನ್ನೇ ತಿದ್ದಿ ಹಿಂದಕ್ಕೆ ಕೊಡುತ್ತಿದ್ದಳು. ಊರಿಗೆಲ್ಲ ತಿದ್ದುವವನಿಗೆ ಮನೆಯಲ್ಲಿ ಇದು ಶಿಕ್ಷೆ.

ಮಾವನವರೂ ಯುದ್ಧಕ್ಕೆ ಇಳಿದರು. ಅವರದು ಈ ವಿಷಯದಲ್ಲಿ ಸ್ವಾನುಭವ. ಕಿಡ್ನಿಯಿಂದ ತೆಗೆಸಿದ ಹರಳೊಂದನ್ನು ಪುಟ್ಟ ಶೀಶೆಯಲ್ಲಿ ಹಾಕಿಟ್ಟುಕೊಂಡು ಮನೆಗೆ ಬಂದವರಿಗೆಲ್ಲ ಕಾಫಿಗೆ ಮುಂಚೆ ಅದನ್ನು ತೋರಿಸುವವರು ಅವರು.

“ಅಳಿಯಂದ್ರೇ, ಹರಳು ಅಂದ್ರೆ ಏನು ಅಂತ ನನ್ನನ್ನ ಕೇಳಿ,” ಅಂದರು ಫೋನಿನಲ್ಲಿ. “ನೆಲದ ಮೇಲೆ ಹೊರಳಾಡಿದೀನಿ. ನನ್ನ ಮೊಮ್ಮಗಳಿಗೂ ನನ್ನ ಶೀಶೆಗೂ ಒಂದೇ ಹೆಸರು ಬೇಡ.”

“ಮಾವ, ಇದು ರತ್ನದ ಹರಳು.”

“ಏನಂದ್ರಿ?”

“ಹರಳು, ಮಾವ. ಹರಳು.”

“ಅರಳು ತಾನೆ? ಅದೇ ಸರಿ, ಅದನ್ನೇ ಇಡಿ,” ಎಂದು ಫೋನು ಇಟ್ಟುಬಿಟ್ಟರು. ಮಾವನವರಿಗೆ ಕಿವಿಯೂ ಮಂದವಾಗುತ್ತಿದೆ ಎಂದು ಹೆಂಡತಿಗೆ ಹೇಳಿದೆ. ಅವಳು ಅದಕ್ಕೂ ತುಟಿ ಕಚ್ಚಿದಳು.

ಹೆಂಡತಿಯನ್ನು ಗೆಲ್ಲುವ ಮೊದಲು ಅಮ್ಮನನ್ನು ಸಿದ್ಧಪಡಿಸಬೇಕಿತ್ತು. ಸ್ವಂತ ಅಜ್ಜಿಯೇ ಮೊಮ್ಮಗಳನ್ನು ತಪ್ಪು ಹೆಸರಿನಿಂದ ಕರೆದರೆ ನನ್ನ ಹಕಾರ ಒಂದು ವಾರವೂ ಬಾಳುವುದಿಲ್ಲ. ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಪಾಠ ಆರಂಭಿಸಿದೆ.

“ನನ್ನ ಬಾಯಿ ನೋಡಮ್ಮ. ಹ. ಹರಳು.”

“ಅ. ಅರಳು.”

“ಅ ಅಲ್ಲಮ್ಮ, ಹ.”

“ಅದೇ ಕಣೋ, ಅ.”

“ಸರಿಯಾಗಿ ಕೇಳಿಸ್ಕೊ. ನಾನು ಹೇಗೆ ಹೇಳ್ತೀನೋ ಹಾಗೇ ಹೇಳು. ಹರಳು.”

“ನೀನು ಏಳ್ದಂಗೇ ಏಳ್ತಾ ಇದೀನಲ್ಲೋ. ಅರಳು.”

“ಅಮ್ಮಾ, ನಿಂಗೆ ಕಿವಿ ಕೇಳಿಸಲ್ವಾ?”

“ನಂಗೆ ಕೇಳಿಸ್ತದೆ. ನಿಂಗೇ ಏನೋ ಆಗಿದೆ,” ಎಂದು ಎದ್ದು ಹೋದಳು. ಅವಳ ಕಣ್ಣಲ್ಲಿ ನೀರಿತ್ತು. ಪಾಪ ಎನಿಸಿತು. ಈ ವಯಸ್ಸಿನಲ್ಲಿ ನಾಲಿಗೆ ತಿರುಗದಿರುವುದು ಅವಳ ತಪ್ಪಲ್ಲ, ಬಾಲ್ಯದಲ್ಲಿ ತಿದ್ದುವವರು ಯಾರೂ ಇರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಥ ತಾಯಿಯ ಹೊಟ್ಟೆಯಲ್ಲಿ ನನ್ನಂಥವನು ಹುಟ್ಟಿದ್ದು ಹೇಗೆ ಎಂದೂ ಸ್ವಲ್ಪ ಹೊತ್ತು ಆಶ್ಚರ್ಯಪಟ್ಟೆ.

ಅವತ್ತು ಹೆಂಡತಿ ಇದ್ದಕ್ಕಿದ್ದಂತೆ ಮೆತ್ತಗಾದಳು. ಮಗುವಿಗೆ ಹಾಲು ಕುಡಿಸಿ ಭುಜದ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತ ಬಂದು ನನ್ನ ಪಕ್ಕ ಕೂತಳು.

“ಆಯ್ತು ಬಿಡಿ, ನೀವೇ ಗೆದ್ರಿ,” ಅಂದಳು.

ಮದುವೆಯಾದಾಗಿನಿಂದ ಆ ವಾಕ್ಯವನ್ನು ನಾನು ಕೇಳಿರಲಿಲ್ಲ. ವ್ಯಾಕರಣ ಸರಿಯಾಗಿದೆಯೇ ಎಂದು ಒಮ್ಮೆ ಮನಸ್ಸಿನಲ್ಲೇ ಪರೀಕ್ಷಿಸಿದೆ.

“ನಿಜವಾಗ್ಲೂ?”

“ನಿಜವಾಗ್ಲೂ. ಭಾನುವಾರ ಅಪ್ಪ ಬರ್ತಾರೆ, ಟೈಲರಮ್ಮನ್ನೂ ಕರೆಯೋಣ, ಕೇಕು ತರ್ಸೋಣ. ಎಲ್ಲರ ಮುಂದೆ ಮಗುವನ್ನ ಎತ್ಕೊಂಡು ನೀವೇ ಹೆಸರು ಹೇಳಿ. ಒಂದೇ ಒಂದು ಷರತ್ತು.”

“ಏನು?”

“ಬರೆದು ಗಿರೆದು ತೋರಿಸೋ ಹಾಗಿಲ್ಲ. ಬಾಯಲ್ಲೇ ಹೇಳ್ಬೇಕು. ಅವತ್ತು ನಿಮ್ಮ ಬಾಯಿಂದ ಏನು ಬರುತ್ತೋ ಅದೇ ಹೆಸರು. ಆಮೇಲೆ ನಾನೂ ತಕರಾರು ತೆಗೆಯಲ್ಲ, ನೀವೂ ತೆಗೀಬಾರ್ದು. ಒಪ್ಪಿಗೆನಾ?”

ಇಷ್ಟು ಸುಲಭದ ಷರತ್ತನ್ನು ಇತಿಹಾಸದಲ್ಲಿ ಯಾವ ಸೋತ ಸಾಮ್ರಾಜ್ಯವೂ ಗೆದ್ದವರ ಮುಂದೆ ಇಟ್ಟಿರಲಾರದು. ನಾನು ಅವಳು ಮನಸ್ಸು ಬದಲಾಯಿಸುವ ಮೊದಲೇ ಕೈಮೇಲೆ ಕೈಯಿಟ್ಟು ಒಪ್ಪಿಕೊಂಡೆ. ಮಗು ಬೆನ್ನು ತಟ್ಟಿಸಿಕೊಂಡು ತೇಗಿತು.

ಕೇಕಿನ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ಷರತ್ತಿನಲ್ಲಿ ಕೇಕಿನ ಮಾತು ಬಂದಿರಲಿಲ್ಲವಾದ್ದರಿಂದ, ಕೆನೆಯ ಮೇಲೆ ಹೆಸರು ಬರೆಸಿಬಿಟ್ಟರೆ ಬರಹದಲ್ಲೂ ನನ್ನ ಮುದ್ರೆ ಬೀಳುತ್ತದೆ ಎಂಬ ಸಣ್ಣ ಕಪಟ. ಬೀದಿಯ ತಿರುವಿನ ಬೇಕರಿಯವನಿಗೆ ಮೊಬೈಲಿನಲ್ಲಿ ಟೈಪು ಮಾಡಿ ಕಳಿಸಬಹುದಿತ್ತು. ಆದರೆ ಆ ಸಾಧನ ನಾನು ಒಂದು ಬರೆದರೆ ತಾನೊಂದು ಮಾಡಿಕೊಳ್ಳುತ್ತದೆ. ನನ್ನ ಬಾಯಿಗಿಂತ ನಂಬಿಕಸ್ತ ಯಂತ್ರ ಬೇರೆ ಯಾವುದಿದೆ ಎಂದು ಧ್ವನಿಸಂದೇಶವನ್ನೇ ಕಳಿಸಿದೆ. ಸುಮ್ಮನೆ ಹೆಸರು ಹೇಳಿ ಬಿಡಲಿಲ್ಲ. ಹಂಸದ ಹ, ಹಡಗಿನ ಹ, ಅಂಗಡಿಯ ಅ ಅಲ್ಲ ಎಂದು ಒಂದನೇ ತರಗತಿಯ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದೆ. ‘ಆಯ್ತು ಸಾರ್, ಗೊತ್ತಾಯ್ತು’ ಎಂದು ಅವನಿಂದ ಉತ್ತರವೂ ಬಂತು.

ಭಾನುವಾರ ಮಾವ ಬಂದರು. (ಶೀಶೆ ಜೇಬಿನಲ್ಲೇ ಇತ್ತು.) ಟೈಲರಮ್ಮ ಮಗುವಿಗೆ ತಾನೇ ಹೊಲಿದ ಫ್ರಾಕು ತಂದಳು. ಅಮ್ಮ ಇದ್ದ ಕುರ್ಚಿಗಳನ್ನೆಲ್ಲ ಹಾಲಿಗೆ ಎಳೆದು ಹಾಕಿ, ಸಾಲದ್ದಕ್ಕೆ ಬಟ್ಟೆ ತುಂಬಿದ ಪೆಟ್ಟಿಗೆಯನ್ನೂ ಕುರ್ಚಿ ಮಾಡಿದಳು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಹಾಲಿನ ನಡುವೆ ನಿಂತೆ. ಅವಳು ನನ್ನ ಅಂಗಿಯ ಗುಂಡಿಯನ್ನು ಹಿಡಿದು ಎಳೆಯುತ್ತಿದ್ದಳು. ಹುಟ್ಟಿದಂದಿನಿಂದ ಬೇರೆಯವರ ಪದಗಳನ್ನು ಕಾಯ್ದವನು ಇವತ್ತು ನನ್ನ ಪದವನ್ನು ಹೇಳುವವನಿದ್ದೆ.

“ಬಂಧುಗಳೇ,” ಅಂದೆ. “ಇವಳ ಹೆಸರು ಹರಳು.”

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮಾವ.

“ಭೇಷ್ ಅಳಿಯಂದ್ರೇ. ಕೊನೆಗೂ ದಾರಿಗೆ ಬಂದ್ರಿ.”

ದಾರಿಗೆ ಬಂದವರು ತಾವು, ನಾನಲ್ಲ ಎಂದುಕೊಂಡು ವಿಜಯಿಗಳಿಗೆ ಶೋಭಿಸುವ ವಿನಯದಿಂದ ತಲೆ ಬಾಗಿಸಿದೆ.

“ಅರಳು,” ಅಂದಳು ಟೈಲರಮ್ಮ, ಮಗುವಿನ ಕೆನ್ನೆ ಮುಟ್ಟಿ. “ಮೊಗ್ಗು ಬಿಚ್ಚಿದ ಹಾಗೇ ಇದಾಳೆ.”

“ಮೊಗ್ಗಲ್ಲ ಟೈಲರಮ್ಮ. ಹರಳು.”

“ಹ್ಞಾಂ, ಅರಳು. ಅದನ್ನೇ ಹೇಳಿದೆ.”

“ಹರಳು.”

“ಅರಳು.”

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡು ಗೋಡೆ ನೋಡುತ್ತಿದ್ದಳು. ಮನೆಯೊಳಗಿನ ಕಿವಿಗಳೆಲ್ಲ ಒಂದೇ ದಿನ ಕೆಟ್ಟುಹೋದವೇ ಎಂದು ಯೋಚಿಸುತ್ತಿರುವಾಗ ಬೇಕರಿಯಿಂದ ಕೇಕು ಬಂತು. ಸದ್ಯ, ಬರಹ ಬಂತು ಎಂದುಕೊಂಡೆ. ಮಗಳನ್ನು ಒಂದು ತೋಳಿಗೆ ಹಾಕಿಕೊಂಡು, ಇನ್ನೊಂದು ಕೈಯಿಂದ ನಾನೇ ಮೇಜಿನ ಮೇಲಿನ ಡಬ್ಬಿಯ ಮುಚ್ಚಳ ತೆಗೆದು ಎಲ್ಲರಿಗೂ ಕಾಣುವಂತೆ ತಿರುಗಿಸಿದೆ.

ಬಿಳಿ ಕೆನೆಯ ಮೇಲೆ ಕೆಂಪು ಅಕ್ಷರದಲ್ಲಿ, ದೊಡ್ಡದಾಗಿ, ಬೋಳಾಗಿ, ‘ಅರಳು’ ಎಂದಿತ್ತು.

ನನಗೆ ಮೈಯೆಲ್ಲ ಉರಿಯಿತು. ಅಷ್ಟು ಬಿಡಿಸಿ ಹೇಳಿದ ಮೇಲೂ. ಅಲ್ಲೇ ನಿಂತು ಬೇಕರಿಯವನಿಗೆ ಫೋನು ಮಾಡಿದೆ.

“ಸಾರ್, ನೀವು ಹೇಳಿದ್ದನ್ನೇ ಬರೆದಿದೀನಿ,” ಅಂದ ಅವನು. “ಎರಡೆರಡು ಸಲ ಕೇಳಿಸ್ಕೊಂಡು ಬರೆದಿದೀನಿ.”

“ಸುಳ್ಳು ಹೇಳ್ಬೇಡಿ. ನಾನು ಹೇಳಿದ್ದು ಇಲ್ಲೇ ನನ್ನ ಮೊಬೈಲಲ್ಲಿದೆ, ಇಷ್ಟು ಜನರ ಮುಂದೆ ಕೇಳಿಸ್ತೀನಿ,” ಎಂದು ಫೋನು ಕತ್ತರಿಸಿ, ಆ ಸಂದೇಶ ಹುಡುಕಿ, ಧ್ವನಿಯನ್ನು ಪೂರ್ತಿ ಏರಿಸಿ, ಮೇಜಿನ ಮೇಲೆ ಕೇಕಿನ ಪಕ್ಕದಲ್ಲಿಟ್ಟೆ. ಹೆಂಡತಿ “ಬೇಡ ರೀ, ಬಿಡಿ” ಅಂದಳು. ಅದು ಅವಳು ನನ್ನ ಮೇಲೆ ತೋರಿಸಿದ ಕೊನೆಯ ಕರುಣೆ. ನಾನು ಗುಂಡಿ ಒತ್ತಿದೆ.

ಮೊಬೈಲಿನೊಳಗಿಂದ ಯಾರೋ ಒಬ್ಬ ಗಂಡಸು ಗಂಭೀರವಾಗಿ ಮಾತಾಡತೊಡಗಿದ:

“ಅಲೋ, ಬೇಕರಿಯವರಾ? ಭಾನುವಾರ ಬೆಳಿಗ್ಗೆ ಅನ್ನೊಂದು ಗಂಟೆಗೆ ಒಂದು ಕೇಕು ಬೇಕು. ಊವು ಗೀವು ಏನೂ ಆಕ್ಬೇಡಿ, ಎಸರು ಮಾತ್ರ ಆಕಿ. ಉಷಾರಾಗಿ ಕೇಳಿಸ್ಕೊಳ್ಳಿ. ಎಸರು, ಅರಳು. ಅಕಾರದ ಅರಳು ರೀ, ಅಕಾರದ್ದಲ್ಲ. ಮತ್ತೆ ಏಳ್ತೀನಿ. ಅಂಸದ ಅ. ಅಡಗಿನ ಅ. ಅಂಗಡಿಯ ಅ ಅಲ್ಲ. ಗೊತ್ತಾಯ್ತಾ?”

ಇದು ಯಾರೋ ಬೇರೆಯವರು ಎಂದು ನಾನು ಅಂದುಕೊಂಡೆ. ಅಮ್ಮನ ಕಡೆಯ ಯಾವನೋ ದೂರದ ಸಂಬಂಧಿ ಇರಬೇಕು. ಮತ್ತೊಮ್ಮೆ ಒತ್ತಿದೆ. ಮತ್ತೊಮ್ಮೆ ಅವನೇ ಬಂದು ಅಂಸದ ಅ, ಅಡಗಿನ ಅ ಅಂದ.

(ಓದುಗರಲ್ಲಿ ಒಂದು ವಿಜ್ಞಾಪನೆ. ಮೇಲೆ ಇದುವರೆಗೆ ನನ್ನ ಬಾಯಿಂದ ಬಂದ ಮಾತುಗಳನ್ನೆಲ್ಲ ನಾನೇ ತಿದ್ದಿ ಹಾಕಿದ್ದೇನೆ. ಬೇಕೆಂದು ಮಾಡಿದ್ದಲ್ಲ, ವೃತ್ತಿಯ ಅಭ್ಯಾಸ. ಎಲ್ಲೆಲ್ಲಿ ನಾನು ಹಕಾರ ಹೇಳಿದ್ದೇನೆಂದು ಬರೆದಿದೆಯೋ ಅಲ್ಲೆಲ್ಲ ಅದನ್ನು ಹೊಡೆದುಹಾಕಿ ಓದಿಕೊಳ್ಳಬೇಕು. ಇಲ್ಲಿಂದ ಮುಂದೆ ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ.)

“ಇದು ಏಗಾಯ್ತು?” ಅಂದೆ. ಈ ಸಲ ನನ್ನ ಕಿವಿಗೂ ಕೇಳಿಸಿತು.

“ನೀವು ಹುಟ್ಟಿದಾಗಿಂದ ಹೀಗೇ ಇರ್ಬೇಕು,” ಅಂದಳು ಹೆಂಡತಿ, ಕಣ್ಣು ಒರೆಸಿಕೊಳ್ಳುತ್ತ. “ಮೊದಲ ಸಲ ಸಿಕ್ಕಾಗ ‘ನಿಮ್ಮ ಅವ್ಯಾಸ ಏನು’ ಅಂತ ಕೇಳಿದ್ರಿ. ಅಭ್ಯಾಸ ಕೇಳಿದ್ರೋ ಹವ್ಯಾಸ ಕೇಳಿದ್ರೋ ಗೊತ್ತಾಗ್ದೆ, ಬೆಳಿಗ್ಗೆ ಬೇಗ ಏಳ್ತೀನಿ, ಹಾಡೂ ಹೇಳ್ತೀನಿ ಅಂದಿದ್ದೆ.”

“ಮತ್ತೆ ಇಷ್ಟು ವರ್ಷ ನಂಗೆ ಯಾಕೆ ಏಳ್ಲಿಲ್ಲ?”

“ಹೇಳಿದ್ರೆ ಬೇಜಾರು ಮಾಡ್ಕೋತೀರ ಅಂತ. ಅದೂ ಅಲ್ದೆ, ಯಾವತ್ತಾದ್ರೂ ಉಪಯೋಗಕ್ಕೆ ಬರುತ್ತೆ ಅಂತ.”

“ಅಂದ್ರೆ ಈ ಜಗಳ ಎಲ್ಲ…”

“ನೀವು ಜಗಳ ಆಡಿದ್ದು ‘ಅರಳು ಬೇಡ, ಅರಳು ಇಡೋಣ’ ಅಂತ. ನಿಮ್ಮ ಮುಖ ನೋಡ್ಕೊಂಡು ಯಾವ ಅರಳು ಅಂತ ಅರ್ಥ ಮಾಡ್ಕೋಬೇಕಿತ್ತು. ಸಿಟ್ಟು ಮಾಡ್ಕೊಂಡಿದ್ರೆ ನನ್ನ ಅರಳು, ಮುಖ ಮೇಲೆತ್ತಿಕೊಂಡಿದ್ರೆ ನಿಮ್ಮದು.”

ಮಾವನವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. “ಅಳಿಯಂದ್ರು ನಮ್ಮನೆಗೆ ಮೊದಲ ಸಲ ಫೋನ್ ಮಾಡಿ ಅಲೋ ಅಂದಾಗ್ಲೇ ನಂಗೆ ಗೊತ್ತಿತ್ತು,” ಅಂದರು. ಟೈಲರಮ್ಮನ ಮುಖ ನೋಡಿದರೆ ಮೇಲಿನ ಮನೆಯವರೆಗೂ ಈ ವಿಷಯ ಎಂದೋ ತಲುಪಿತ್ತು ಎಂದು ಗೊತ್ತಾಗುತ್ತಿತ್ತು.

ನನ್ನ ಪರವಾಗಿ ನಿಂತವಳು ಅಮ್ಮ ಒಬ್ಬಳೇ. “ನನ್ ಮಗನ್ ಮಾತಲ್ಲಿ ಏನ್ ತಪ್ಪದೆ?” ಎಂದು ಎಲ್ಲರನ್ನೂ ಗದರಿಸಿದಳು. “ಅಚ್ಚುಕಟ್ಟಾಗಿ ಏಳಿದಾನೆ. ಅಂಸದ ಅ ಅಂತ ಎಷ್ಟು ಚೆಂದಾಗಿ ಬಿಡಿಸಿ ಏಳಿದಾನೆ. ಕೇಳಿಸ್ಕೊಳ್ಳೋಕೆ ಬರ್ದೆ ನಗ್ತೀರಲ್ಲ.”

ಆ ಬೆಂಬಲದ ಮುಂದೆ ವಿರೋಧವೇ ಮೇಲಾಗಿತ್ತು.

ಹೆಂಡತಿ ನನ್ನ ಹತ್ತಿರ ಬಂದಳು. ನಾನು ಸೋತ ಮುಖ ಹಾಕಿಕೊಂಡಿದ್ದೆನೋ ಏನೋ, ಅವಳ ದನಿ ಸ್ವಲ್ಪ ಮೃದುವಾಯಿತು. “ನೋಡಿ, ಈಗ್ಲೂ ಒಂದು ಅವಕಾಶ ಕೊಡ್ತೀನಿ. ಒಂದೇ ಒಂದ್ಸಲ ‘ಹ’ ಅನ್ನಿ. ಅಂದ್ರೆ ನಿಮ್ಮಿಷ್ಟದ ಹಾಗೇ ಹರಳು ಅಂತ ಇಡೋಣ. ಕಿಡ್ನಿ ನಾನು ನೋಡ್ಕೋತೀನಿ.”

ಎಲ್ಲರೂ ನನ್ನ ಬಾಯಿ ನೋಡಿದರು. ಮಾವ ಜೇಬಿನ ಮೇಲೆ ಕೈಯಿಟ್ಟುಕೊಂಡು ಕೂತರು. ನಾನು ಕಣ್ಣು ಮುಚ್ಚಿದೆ. ತಲೆಕಟ್ಟು ಕಟ್ಟಿಕೊಂಡು ಎದೆ ಮುಂದೆ ಮಾಡಿ ನಿಂತ ಆ ಅಕ್ಷರವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡೆ. ಸಾವಿರಾರು ಹಾಳೆಗಳಲ್ಲಿ ನಾನು ಅದನ್ನು ಕಾಪಾಡಿದ್ದೇನೆ. ಬಿಟ್ಟುಹೋದಲ್ಲೆಲ್ಲ ಕೆಂಪು ಶಾಯಿಯಲ್ಲಿ ಮರಳಿ ತಂದು ಕೂರಿಸಿದ್ದೇನೆ. ನನಗಾಗಿ ಅದು ಒಂದು ಸಲ, ಒಂದೇ ಒಂದು ಸಲ ಬರಲಾರದೇ? ಹೊಟ್ಟೆಯ ತಳದಿಂದ ಗಾಳಿ ಎಳೆದುಕೊಂಡೆ. ಬಾಯಿ ತೆರೆದೆ.

“ಅ,” ಅಂದೆ.

ಮೊದಲು ನಕ್ಕವಳು ಟೈಲರಮ್ಮ. ಆಮೇಲೆ ಮಾವ, ಆಮೇಲೆ ಹೆಂಡತಿ. ಯಾಕೆಂದು ತಿಳಿಯದೆ ಅಮ್ಮನೂ ಸೇರಿಕೊಂಡಳು. ಹಹಹ, ಹೊಹೊಹೊ, ಹಿಹಿಹಿ. ಹಾಲಿನ ತುಂಬ ಹಕಾರಗಳೇ ಹಾರಾಡುತ್ತಿದ್ದವು. ಅಮ್ಮನ ಬಾಯಿಂದಲೂ ಧಾರಾಳವಾಗಿ ಬರುತ್ತಿದ್ದವು. “ನೀವೂ ನಗ್ರಿ ಅಳಿಯಂದ್ರೇ, ನಗುವಾಗ ತಾನಾಗೇ ಬರುತ್ತೆ,” ಎಂದು ಮಾವ ಸಲಹೆ ಕೊಟ್ಟರು. ನನಗೆ ನಗು ಬರುವ ಹಾಗಿರಲಿಲ್ಲ. ಜೀವಮಾನದಲ್ಲಿ ನಾನು ಬೇಡಿದ್ದು ಒಂದು ಪದ, ಅದೂ ಒಂದು ಅಕ್ಷರಕ್ಕಾಗಿ ಕೈಬಿಟ್ಟುಹೋಗಿತ್ತು.

ಕೇಕಿನ ಚಾಕು ತರಲು ಹೆಂಡತಿ ಒಳಗೆ ಹೋದಳು. ನನ್ನ ತೋಳಿನಲ್ಲಿದ್ದ ಮಗಳು ಅಷ್ಟು ಹೊತ್ತೂ ನನ್ನ ಬಾಯನ್ನೇ ನೋಡುತ್ತಿದ್ದಳು. ಈ ಮನುಷ್ಯ ಇಷ್ಟೆಲ್ಲ ಒದ್ದಾಡುತ್ತಿರುವುದು ಯಾತಕ್ಕೆ ಎಂದು ಯೋಚಿಸಿದಳೋ ಏನೋ. ಗುಂಡಿಯಿಂದ ಕೈ ತೆಗೆದು ನನ್ನ ಗಲ್ಲ ಹಿಡಿದುಕೊಂಡಳು. ಹಲ್ಲಿಲ್ಲದ ಬಾಯನ್ನು ಅಗಲಿಸಿದಳು.

“ಹ,” ಅಂದಳು.

ಸ್ವಚ್ಛ, ಸ್ಪಷ್ಟ, ತುಂಬಿದ ಹಕಾರ. ನನ್ನ ಕೆಂಪು ಪೆನ್ನಿಗೆ ಅಲ್ಲಿ ಮಾಡುವ ಕೆಲಸವೇ ಇರಲಿಲ್ಲ. ನಾನು ಯಾರಿಗೂ ಕೇಳಿಸದ ಹಾಗೆ ಅವಳ ಕಿವಿಯ ಹತ್ತಿರ ಬಗ್ಗಿದೆ.

“ಅರಳೂ, ಇನ್ನೊಂದ್ಸಲ ಏಳು ಮಗಳೇ,” ಅಂದೆ.

ಅವಳು ಹೇಳಿದಳು.